ದೊರೆಗುಡ್ಡದ ಬೋರ್ಡುಗಲ್ಲು

ನನ್ನ ಮಾವ ಸಣ್ಣಪ್ಪನಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಆದರೆ ಮತ್ತೋಡಿನಿಂದ ಹೊಸದುರ್ಗದವರೆಗೆ ಕಲ್ಲಿನ ಮೇಲೆ ಕಾಣುವ ಅಕ್ಷರಗಳಲ್ಲಿ ಅರ್ಧಕ್ಕರ್ಧ ಅವನು ಕೊರೆದವು. ಶಾಲೆಯ ಅಡಿಗಲ್ಲು, ಬಾವಿ ಕಟ್ಟಿಸಿದವರ ಹೆಸರು, ಸತ್ತ ದೊಡ್ಡವರ ಸಮಾಧಿಯ ಮೇಲಿನ ತಾರೀಖು. ಮೇಷ್ಟ್ರು ಸೀಮೆಸುಣ್ಣದಲ್ಲಿ ಬರೆದು ಹೋಗುತ್ತಿದ್ದರು. ಮಾವ ಉಳಿ ಹಿಡಿದು ಆ ಗೀಟಿನ ಮೇಲೇ ಹೋಗುತ್ತಿದ್ದ. ಮುಗಿದ ಮೇಲೆ ಅಂಗೈಯಿಂದ ಒಂದು ಸಲ ಸವರಿ ನೋಡುತ್ತಿದ್ದ. ಅವನ ಓದು ಅಷ್ಟೇ.

ನಾವು ಕಲ್ಲು ಒಡೆಯುವ ಜನ. ಊರವರು ವಡ್ಡರು ಅನ್ನುತ್ತಾರೆ. ಜಾತಿ ಹೇಳುವಾಗಲೂ ಅದೇ ಮಾತು, ಬೈಯುವಾಗಲೂ ಅದೇ ಮಾತು. ಲೆಕ್ಕ ತಪ್ಪಿದ ಹುಡುಗ ಯಾವ ಜಾತಿಯವನೇ ಆಗಿರಲಿ, 'ವಡ್ಡ ನನ್ಮಗನೆ' ಎಂದು ಬೈಯುತ್ತಿದ್ದ ಮೇಷ್ಟ್ರೇ ನನಗೂ ಪಾಠ ಹೇಳಿದ್ದು. ಆಗ ಇಡೀ ಕ್ಲಾಸು ನನ್ನ ಕಡೆ ತಿರುಗಿ ನಗುತ್ತಿತ್ತು. ಲೆಕ್ಕ ತಪ್ಪಿದ್ದು ಬೇರೆ ಯಾರದೋ.

ನನ್ನಪ್ಪ ಚಪ್ಪಡಿಯ ಕೆಳಗೆ ಸಿಕ್ಕಿ ಸತ್ತಾಗ ನನಗೆ ನಾಲ್ಕು ವರ್ಷ. ಸಣ್ಣಪ್ಪ ನನ್ನ ತಾಯಿಯ ತಮ್ಮ. ನನ್ನನ್ನು ಸಾಕಿದ, ಹೊಸದುರ್ಗದ ಹಾಸ್ಟೆಲಿಗೆ ಸೇರಿಸಿದ. ಎಸ್ಸೆಲ್ಸಿಯಲ್ಲಿ ಫೇಲಾಗಿ ಬಂದಾಗ ಒಂದು ಮಾತೂ ಅನ್ನದೆ ಕೈಗೆ ಸುತ್ತಿಗೆ ಕೊಟ್ಟ, ಆಮೇಲೆ ಮಗಳು ಏಕನಾಥಮ್ಮನನ್ನೂ ಕೊಟ್ಟ. ಹಟ್ಟಿಗೆಲ್ಲ ಓದಿದವನು ಈ ಜಂಪಣ್ಣ ಒಬ್ಬನೇ. ಅರ್ಜಿ ಬರೆಯುವುದು, ಬಂದ ಕಾಗದ ಓದಿ ಹೇಳುವುದು ನನ್ನ ಕೆಲಸವಾಯಿತು. ಅದರಲ್ಲಿ ನನಗೆ ಸ್ವಲ್ಪ ಕೊಬ್ಬೂ ಇತ್ತು. ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯಲ್ಲಿ ನಡೆದ ಕೆಟ್ಟದ್ದಕ್ಕೆಲ್ಲ ನನ್ನ ರುಜು ಇದೆ.

ದೊರೆಗುಡ್ಡದ ಬುಡದಲ್ಲಿ ನಮ್ಮ ಹದಿನೇಳು ಗುಡಿಸಲು. ಗುಡ್ಡದ ಮೇಲೆ ಕೋಟೆ. ಯಾವನೋ ಪಾಳೇಗಾರ ಕಟ್ಟಿಸಿದ್ದಂತೆ. ಕಟ್ಟಿಸಿದವನು ಅವನೇ ಇರಬಹುದು. ಕಟ್ಟಿದವರು ನಾವು.

ಕಲ್ಲಿನ ಕೆಲಸ ಅಂದರೇನು ಅಂತ ಓದುವವರಿಗೆ ಗೊತ್ತಿರಲಿ. ಬಿಸಿಲು ಏರುವ ಮುಂಚೆ ಬಂಡೆಗೆ ಹೋಗುತ್ತೇವೆ. ಗೇಣಿಗೊಂದರಂತೆ ಸಾಲಾಗಿ ಕುಳಿ ತೋಡುತ್ತೇವೆ. ಒಂದು ಕುಳಿಗೆ ನೂರಾರು ಏಟು. ಕುಳಿಗಳಿಗೆ ಕಬ್ಬಿಣದ ಬೆಣೆ ಇಟ್ಟು ಒಂದಾದ ಮೇಲೊಂದು ಹೊಡೆಯುತ್ತ ಹೋದರೆ ಬಂಡೆ ಒಳಗೊಳಗೇ ಸದ್ದು ಮಾಡಿ ಸೀಳುತ್ತದೆ. ಚೂರು ಹಾರಿ ಕಣ್ಣಿಗೆ ಬೀಳುತ್ತದೆ. ನಮ್ಮ ಹಟ್ಟಿಯಲ್ಲಿ ಒಂದೇ ಕಣ್ಣಿನವರು ಐದು ಜನ. ಹೆಂಗಸರು ತಲೆಯ ಮೇಲೆ ಸಿಂಬಿ ಇಟ್ಟು ಕಲ್ಲು ಹೊತ್ತು ಗುಡ್ಡ ಇಳಿಯುತ್ತಾರೆ. ಏಕನಾಥಮ್ಮನ ನೆತ್ತಿಯಲ್ಲಿ ರೂಪಾಯಿ ಅಗಲ ಕೂದಲಿಲ್ಲ. ಐದು ತಿಂಗಳ ಬಸುರಿ ಹಾಗೆ ಹೊತ್ತು ಇಳಿಯುವಾಗಲೇ ನಮ್ಮ ಮೊದಲನೆಯದು ಹೋಯಿತು. ಮೂರನೇ ದಿನ ಮತ್ತೆ ಸಿಂಬಿ ಇಟ್ಟುಕೊಂಡಳು.

ಬಂಡೆ ಒಡೆಯುವ ಮುಂಚೆ ನಮ್ಮಲ್ಲೊಂದು ಪದ್ಧತಿ. ಹಿರಿಯರು ಒಂದು ಚೊಂಬು ನೀರು ಬಂಡೆಗೆ ಸುರಿದು, "ಯಾರಿಗೋ ಒಯ್ತೀವಿ ತಾಯಿ, ನಮಿಗಲ್ಲ" ಅನ್ನಬೇಕು. ಆ ಮಾತು ಕೊಟ್ಟ ಮೇಲೆ ಆ ಕಲ್ಲಿನ ಒಂದು ಚೂರನ್ನೂ ನಮ್ಮ ಮನೆಗೆ ಹಾಕುವಂತಿಲ್ಲ. ಅದಕ್ಕೇ, ತಾಲ್ಲೂಕಿಗೆಲ್ಲ ಕಲ್ಲು ಒದಗಿಸಿದ ನಮ್ಮ ಹಟ್ಟಿಯಲ್ಲಿ ಒಂದು ಕಲ್ಲಿನ ಮೆಟ್ಟಿಲೂ ಇರಲಿಲ್ಲ. ಮಣ್ಣಿನ ಗೋಡೆ, ಹುಲ್ಲಿನ ಸೂರು. ಒಲೆಗೆ ಇಟ್ಟ ಗುಂಡುಗಳನ್ನೂ ಹಳ್ಳದಿಂದ ಆರಿಸಿ ತಂದಿದ್ದೆವು. ಈ ಪದ್ಧತಿಯೇ ನಮ್ಮ ಕುತ್ತಿಗೆಗೆ ಬಂತು.

ಎಪ್ಪತ್ಮೂರರಲ್ಲಿ ರಾಜ್ಯಕ್ಕೆ ಹೊಸ ಹೆಸರು ಬಂತು. ಮೈಸೂರು ಹೋಗಿ ಕರ್ನಾಟಕವಾಯಿತು. ಊರಿನ ಶಾಲೆಯ ಮುಂದೆ ಬಾವುಟ ಕಟ್ಟಿ ಮಂಡಕ್ಕಿ ಬೆಲ್ಲ ಹಂಚಿದರು. ಹೊಸ ಹೆಸರಿನ ಕಲ್ಲನ್ನು ಮಾವನೇ ಕೊರೆದ. ಪಂಚಾಯ್ತಿ ಛೇರ್ಮನ್ ಗಂಗಾಧರಪ್ಪನವರು ಇನ್ನು ಮೇಲೆ ನಾವೆಲ್ಲ ಒಂದು, ಒಂದೇ ನಾಡಿನವರು ಎಂದು ಭಾಷಣ ಮಾಡಿದರು. ಮಾವ ಗುಂಪಿನ ಹಿಂದೆ, ಕಂಪೌಂಡಿನ ಆಚೆ ನಿಂತು ಕೇಳಿಸಿಕೊಂಡ.

"ಆ ಎಲ್ಲಾರು ಅಂದ್ರಲ್ಲ, ಅದ್ರಾಗೆ ನಾವೂ ಬರ್ತೀವೇನಪ್ಪ?" ಎಂದು ದಾರಿಯಲ್ಲಿ ನನ್ನನ್ನು ಕೇಳಿದ.

"ಯಾಕ್ ಬರಲ್ಲ ಮಾವ? ಬರ್ತೀವಿ" ಅಂದೆ. ನಾನು ಓದಿದವನು. ನನ್ನ ಮಾತು ನಂಬಿದ.

ಮರುವರ್ಷ ಬೇಸಿಗೆಯಲ್ಲಿ ನೋಟೀಸು ಬಂತು. ದೊರೆಗುಡ್ಡದ ಕೋಟೆ ನಾಡಿನ ಸ್ವತ್ತು, ಇನ್ನು ಮುಂದೆ ಅದು ಸಂರಕ್ಷಿತ ಸ್ಮಾರಕ, ಸುತ್ತ ಇನ್ನೂರು ಗಜದೊಳಗೆ ಯಾರೂ ವಾಸಿಸುವಂತಿಲ್ಲ ಎಂದಿತ್ತು. ಬಹುಕಾಲದಿಂದ ಅಲ್ಲೇ ನೆಲೆಸಿದ ಸ್ಥಳೀಕರಾಗಿದ್ದರೆ ಅರ್ಜಿ ಹಾಕಬಹುದು. ಇಲಾಖೆಯ ಸಾಹೇಬರು ಖುದ್ದಾಗಿ ಬರುತ್ತಾರೆ. ಅವರಿಗೆ ಸಾಕ್ಷ್ಯ ತೋರಿಸಿದರೆ ಹಕ್ಕುಪತ್ರ. ಇಲ್ಲದಿದ್ದರೆ ಖಾಲಿ ಮಾಡಬೇಕು. ನಮಗೆ ಬೇಕಾಗಿದ್ದದ್ದು ಆ ಹದಿನೇಳು ಗುಡಿಸಲಿನ ನೆಲ. ಬೇರೇನೂ ಅಲ್ಲ.

ಅರ್ಜಿ ನಾನು ಬರೆದೆ. ಜಾತಿ ಎಂಬಲ್ಲಿ ಭೋವಿ ಎಂದು ಬರೆದೆ. ಚಿತ್ರದುರ್ಗದಲ್ಲಿ ನಮ್ಮ ಜನದ ಓದಿದ ಹುಡುಗರು ಒಂದು ಸಭೆ ಮಾಡಿದ್ದರು. ವಡ್ಡ ಎಂದು ಯಾರೂ ಬರೆಸಬೇಡಿ, ಅದು ಅವರು ಬೈಯಲು ಇಟ್ಟುಕೊಂಡ ಹೆಸರು, ನಮ್ಮ ಹೆಸರನ್ನು ನಾವು ಆರಿಸಿಕೊಳ್ಳೋಣ ಎಂದಿದ್ದರು. ಆ ಸಭೆಗೆ ನಾನೂ ಹೋಗಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದವನು ಯಾವ ಜನ ಎಂದು ಕೇಳಿದ. ಭೋವಿ ಅಂದೆ. ಅವನು ಸುಮ್ಮನೆ ತಲೆ ಆಡಿಸಿದ, ನಗಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಮೊದಲನೇ ಸಲ ಒಬ್ಬ ನಗಲಿಲ್ಲ.

ಮಾವನಿಗೆ ಅರ್ಜಿ ಓದಿ ಹೇಳಿದೆ. ನಮ್ಮೊಳಗೆ ನಾವಾಡುವುದು ನಮ್ಮ ಮಾತು, ತೆಲುಗಿನ ಥರದ್ದು. ಅದಕ್ಕೆ ಅಕ್ಷರವಿಲ್ಲ. ಹಾಗಾಗಿ ಇಲ್ಲಿ ಊರಿನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

"ಭೋವಿ ಅಂದ್ರೇನು?" ಮಾವ ಕೇಳಿದ.

"ಹಿಂದೆ ಪಲ್ಲಕ್ಕಿ ಹೊರ್ತಿದ್ದೋರಂತೆ."

"ನಾನ್ಯಾವ ಪಲ್ಲಕ್ಕಿ ಹೊತ್ತೆ? ಕಲ್ಲು ಒಡ್ದೋನು ನಾನು. ಕಲ್ಲೊಡ್ಡ ಅಂತ ಬರಿ."

"ಅದೇ ಹೆಸ್ರು ಹಿಡ್ದು ಬೈತಾರಲ್ಲ ಮಾವ."

"ಬೈಯೋರು ಅವ್ರು. ಹೆಸ್ರೇನು ತಪ್ಪು ಮಾಡೈತೆ?"

"ನಿಂಗೆ ತಿಳಿಯಲ್ಲ, ಸುಮ್ನಿರು."

ಏಕನಾಥಮ್ಮ ಮುದ್ದೆ ತಿರುವುತ್ತಿದ್ದಳು. ಮತ್ತೆ ಬಸುರಿಯಾಗಿದ್ದಳು. ಕೋಲು ಬಿಡದೆ ಅಂದಳು. "ಏನಾರ ಬರ್ಕಳ್ರಿ ಇಬ್ರೂ. ಈ ಸಲ ಕೂಸು ಇದೇ ಸೂರಿನಡಿ ಹುಟ್ಲಿ. ನಂಗಷ್ಟೇ ಬೇಕಾಗಿರೋದು."

ಭೋವಿ ಎಂದೇ ಉಳಿಸಿದೆ. ನಾನು ಮಾಡಿದ್ದು ತಪ್ಪು ಅಂತ ಈಗಲೂ ಅನ್ನಿಸುವುದಿಲ್ಲ. ಮಾವನದು ತಪ್ಪು ಅಂತಲೂ ಅನ್ನಿಸುವುದಿಲ್ಲ. ನಮ್ಮನ್ನು ಏನಂತ ಕರೆಯಬೇಕು ಅಂತ ಕೊನೆಗೆ ಬರೆದವರು ನಾವಿಬ್ಬರೂ ಅಲ್ಲ.

ಸಾಹೇಬರು ಜೀಪಿನಲ್ಲಿ ಬಂದರು. ಬೆಂಗಳೂರಿನ ಕಡೆಯವರು, ಕನ್ನಡಕ ಹಾಕಿದ ತೆಳ್ಳಗಿನ ಮನುಷ್ಯ. ಕೆಟ್ಟವರಲ್ಲ. ಎಲ್ಲರಿಗೂ ಬಹುವಚನ. ಇದು ಮುಖ್ಯ, ಯಾಕೆಂದರೆ ನಮ್ಮನ್ನು ಒಕ್ಕಲೆಬ್ಬಿಸಿದವರು ಯಾರೂ ನಮಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಜೊತೆಗೆ ಒಬ್ಬ ಗುಮಾಸ್ತ, ಛೇರ್ಮನ್ ಗಂಗಾಧರಪ್ಪ. ಹುಣಸೆಮರದ ನೆರಳಿಗೆ ಛೇರ್ಮನ್ನರ ಮನೆಯಿಂದ ಕುರ್ಚಿ ಬಂತು. ನಾವು ಬಿಸಿಲಿನಲ್ಲಿ ನಿಂತೆವು.

"ಯಾವ ಜನ ನೀವು?" ಸಾಹೇಬರು ಮಾವನನ್ನು ಕೇಳಿದರು.

"ಕಲ್ಲೊಡ್ರು ಸ್ವಾಮಿ."

ಗುಮಾಸ್ತ ಅರ್ಜಿ ನೋಡಿದ. "ಇಲ್ಲಿ ಭೋವಿ ಅಂತಿದೆ ಸಾರ್."

"ಎರಡೂ ಒಂದೇ ಸಾರ್," ಅಂದೆ.

"ಒಂದೇ ಆದರೆ ಎರಡು ಹೆಸರು ಯಾಕೆ?" ಸಾಹೇಬರು ನಿಜಕ್ಕೂ ತಿಳಿಯಲೆಂದೇ ಕೇಳಿದರು. "ಮನೆಯಲ್ಲಿ ಯಾವ ಭಾಷೆ?"

"ನಮ್ ಮಾತು ಸ್ವಾಮಿ. ತೆಲುಗು ಇದ್ದಂಗೆ ಇರ್ತೈತೆ," ಮಾವ ಅಂದ.

"ಆಂಧ್ರದ ಕಡೇರು ಸಾರ್," ಗಂಗಾಧರಪ್ಪ ನಡುವೆ ಬಾಯಿ ಹಾಕಿದರು. "ಧರ್ಮಪುರದ ಆಚೆಯಿಂದ ಬಂದೋರು. ಎಲ್ಲಿ ಬಂಡೆ ಐತೋ ಅಲ್ಲಿ ಗುಡ್ಲು ಹಾಕ್ತಾರೆ. ಅಲೆಮಾರಿ ಜನ."

ಅವರ ಅಜ್ಜನ ಮನೆಯ ಕಂಬ ನಿಲ್ಲಿಸಿದವನು ನನ್ನ ಮಾವನ ಅಜ್ಜ. ಅದು ಗಂಗಾಧರಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. ಮಾವ ಅವರ ಮುಖವನ್ನೇ ನೋಡಿದ. ಅವರು ಗುಡ್ಡ ನೋಡಿದರು.

"ಇಲ್ಲೇ ಹುಟ್ಟಿದೋರು ಸ್ವಾಮಿ ನಾವು. ನಮ್ಮಪ್ಪನೂ ಇಲ್ಲೇ ಹುಟ್ಟಿದ್ದು."

"ನಿಮ್ಮ ಮಾತು ನಂಬುತ್ತೇನೆ. ಆದರೆ ಕಾಗದಕ್ಕೆ ಏನಾದರೂ ಬೇಕಲ್ಲ. ಹಳೆಯ ಗುಡಿ, ಸಮಾಧಿ, ಕಲ್ಲಿನ ಮನೆ, ಏನಾದರೂ ಇದೆಯೇ?"

"ಹೂತ ಜಾಗಕ್ಕೆ ನಾವು ಕಲ್ಲಿಡಲ್ಲ ಸ್ವಾಮಿ. ನಾವು ಒಡ್ದ ಕಲ್ಲು ನಾವೇ ಬಳಸಂಗಿಲ್ಲ. ಮಾತು ಕೊಟ್ಟಿರ್ತೀವಿ."

"ಯಾರಿಗೆ?"

"ಬಂಡೆಗೆ."

ಗುಮಾಸ್ತ ಫಕ್ಕನೆ ನಕ್ಕ. ಸಾಹೇಬರು ನಗಲಿಲ್ಲ. ಸುತ್ತ ಒಂದು ಸಲ ನೋಡಿ ಬರೆಸಿದರು, 'ಶಾಶ್ವತ ಸ್ವರೂಪದ ಕಟ್ಟಡ ಒಂದೂ ಕಂಡುಬಂದಿಲ್ಲ.'

ಸಾಹೇಬರು ಏಳಲು ಹೊರಟರು. ಆಗ ನನಗೆ ಹೊಳೆಯಿತು. ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು.

"ಮಾವ, ಕುಳಿ ತೋರ್ಸು," ಅಂದೆ.

ಮಾವನ ಮುಖ ಅರಳಿತು. "ಬರ್ರಿ ಸ್ವಾಮಿ, ಹಿಂಗ್ ಬರ್ರಿ. ಕಲ್ಲಾಗೇ ಐತೆ ಸಾಕ್ಷಿ," ಎನ್ನುತ್ತ ಗುಡ್ಡ ಹತ್ತಿದ. ಐವತ್ತೈದು ವರ್ಷದವನು, ಮಂಡಿ ಸವೆದವನು. ಅವತ್ತು ಎಲ್ಲರಿಗಿಂತ ಮುಂದಿದ್ದ.

ಕೋಟೆ ಗೋಡೆಯ ಹತ್ತಿರ ಒಂದು ದೊಡ್ಡ ಬಂಡೆ. ಅದರ ಅಂಚಿನಲ್ಲಿ ಸಾಲಾಗಿ ಅಗಲವಾದ ಅರೆಕುಳಿಗಳು.

"ಇದು ನಮ್ಮ ತಾತನ ತಾತನ ಕಾಲದ್ದು. ಆಗ ಕಬ್ಬಿಣದ ಬೆಣೆ ಇರ್ಲಿಲ್ಲ. ಒಣಾ ಕಟ್ಟಿಗಿ ಗೂಟ ಬಡ್ದು ನೀರು ಹಾಕೋರು. ಗೂಟ ಉಬ್ಬಿ ಬಂಡೆ ಸೀಳೋದು. ಈಗ ಇಲ್ನೋಡ್ರಿ." ಗೋಡೆಗೆ ಹೋಗಿ ಒಂದು ಕಲ್ಲಿನ ಅಂಚು ಮುಟ್ಟಿದ. ಅಲ್ಲೂ ಅಷ್ಟೇ ಅಗಲದ ಅರೆಕುಳಿಗಳು, ಅಷ್ಟೇ ಅಂತರದಲ್ಲಿ. "ಅರ್ಧ ಅಲ್ಲೈತೆ, ಅರ್ಧ ಇಲ್ಲೈತೆ. ಅದೇ ಕಲ್ಲು. ಅಲ್ಲಿಂದ ಎಬ್ಬಿಸಿ ಇಲ್ಲಿಗಿಟ್ರು."

ಸಾಹೇಬರಿಗೆ ನಿಜಕ್ಕೂ ಖುಷಿಯಾಯಿತು. ಕ್ಯಾಮೆರಾ ತೆಗೆದು ಫೋಟೋ ಹಿಡಿದರು. ಗೇಣು ಹಾಕಿ ಅಳೆದರು. ಇಷ್ಟು ವರ್ಷ ಈ ಕೆಲಸದಲ್ಲಿದ್ದರೂ ಯಾರೂ ನನಗೆ ಹೀಗೆ ತೋರಿಸಿರಲಿಲ್ಲ ಎಂದರು. ಮಾವನ ಕೈ ಹಿಡಿದು ಕುಲುಕಿದರು. ಒಬ್ಬ ದೊಡ್ಡ ಮನುಷ್ಯ ನನ್ನ ಮಾವನ ಕೈ ಮುಟ್ಟಿದ್ದನ್ನು ನಾನು ಅವತ್ತೇ ನೋಡಿದ್ದು.

ಆಮೇಲೆ ಮಾವನ ಬಾಯಿಗೆ ತಡೆಯೇ ಇಲ್ಲ. ಬಂಡೆಯಿಂದ ಬಂಡೆಗೆ ಕರೆದುಕೊಂಡು ಹೋದ. ಇದು ನಮ್ಮ ತಾತಂದು, ಕುಳಿ ಕಿರಿದಾಗೈತೆ ನೋಡ್ರಿ, ಆಗ ಕಬ್ಬಿಣದ ಬೆಣೆ ಬಂದಿತ್ತು. ಇದು ನಮ್ಮಪ್ಪಂದು. ಎಡಗೈಯವನು, ಕುಳಿ ಎಡಕ್ಕೆ ವಾಲೈತೆ. ಇದು ನಮ್ಮ ಅಳಿಯಂದು, ಸೊಟ್ಟಗಿರೋವೆಲ್ಲ ಅವಂದೇ. ಎಲ್ಲರೂ ನಕ್ಕರು, ನಾನೂ ನಕ್ಕೆ.

"ಇದು ನಂದು," ಎಂದು ಕೊನೆಯ ಬಂಡೆಯ ಮೇಲೆ ಅಂಗೈ ಇಟ್ಟ. "ಈ ಯುಗಾದಿ ಆದ್ಮ್ಯಾಲೆ ಒಡ್ದಿದ್ದು. ಇನ್ನೂ ಬೆಳ್ಳಗೈತೆ."

"ಅಂದರೆ ಈಗಲೂ ಇಲ್ಲೇ ಒಡೆಯುತ್ತಿದ್ದೀರಾ?" ಸಾಹೇಬರು ಕೇಳಿದರು.

"ಹೌದು ಸ್ವಾಮಿ," ಮಾವ ಎದೆ ಎತ್ತಿ ಹೇಳಿದ. "ನಮ್ಮೋರು ಒಂದು ವರ್ಷನೂ ಬಿಟ್ಟಿಲ್ಲ."

ಸಾಹೇಬರು ಕ್ಯಾಮೆರಾ ಚೀಲಕ್ಕೆ ಹಾಕಿದರು. ಆಮೇಲೆ ಗುಮಾಸ್ತನಿಗೆ ಬರೆದುಕೊಳ್ಳಲು ಹೇಳಿದರು. ಅವರ ದನಿ ಬೇಸರದಲ್ಲಿತ್ತು. ಯಾಕೆಂದು ಆಗ ನನಗೆ ತಿಳಿಯಲಿಲ್ಲ.

ಬರೆದದ್ದಕ್ಕೆ ಮಾವ ಹೆಬ್ಬೆಟ್ಟು ಒತ್ತಬೇಕಿತ್ತು. ಒತ್ತಿದರೆ ಬರೀ ಮಸಿ. ಗೆರೆ ಬೀಳಲಿಲ್ಲ. ಕಲ್ಲು ತಿಕ್ಕಿ ತಿಕ್ಕಿ ಬೆರಳಿನ ಗೆರೆಗಳು ಎಂದೋ ಅಳಿಸಿ ಹೋಗಿದ್ದವು. ಗುಮಾಸ್ತ ಸೀಮೆಎಣ್ಣೆ ತರಿಸಿ ತೊಳೆಸಿದ. ಬಟ್ಟೆಯಲ್ಲಿ ತಿಕ್ಕಿದ. ಕೈ ಹಿಡಿದು ಹೊರಳಿಸಿ ಹೊರಳಿಸಿ ಒತ್ತಿಸಿದ. ಎಡಗೈ ನೋಡಿದರು, ಅದೂ ಹಾಗೇ. ಮಾವ ನಾಚಿ, ತನ್ನದೇ ಏನೋ ತಪ್ಪೆಂಬಂತೆ ಮತ್ತೆ ಮತ್ತೆ ಪಂಚೆಗೆ ಬೆರಳು ಒರೆಸಿಕೊಂಡ.

"ಮನುಷ್ಯನ ಗುರ್ತೇ ಇಲ್ಲ ನೋಡ್ರಿ ಇವನಿಗೆ," ಗಂಗಾಧರಪ್ಪ ನಕ್ಕರು.

"ಓದಿದವರು ಯಾರಾದರೂ ಸಾಕ್ಷಿ ರುಜು ಹಾಕಲಿ," ಸಾಹೇಬರು ಅಂದರು.

ನಾನು ಮುಂದೆ ಬಂದೆ. ಓದಿ ಹಾಕಿ ಎಂದು ಕಾಗದ ಕೊಟ್ಟರು. ಕಣ್ಣಾಡಿಸಿದೆ. 'ಮೇಲ್ಕಂಡವರು ವಂಶಪಾರಂಪರ್ಯವಾಗಿ' ಎಂಬ ಮಾತು ಕಣ್ಣಿಗೆ ಬಿತ್ತು. ನಮ್ಮ ವಂಶ, ಸರ್ಕಾರದ ಕಾಗದದಲ್ಲಿ. ಅಷ್ಟು ಸಾಕಾಯಿತು. ಪೆನ್ನು ಇಸಿದುಕೊಂಡು ಜಂಪಣ್ಣ ಎಂದು ಉದ್ದಕ್ಕೆ ಬರೆದು ಕೆಳಗೆ ಗೆರೆ ಎಳೆದೆ. ಆ ಗೆರೆ ಎಳೆದದ್ದು ನೆನೆದರೆ ಇವತ್ತಿಗೂ ಕೈ ಕಡಿದುಕೊಳ್ಳಬೇಕು ಅನ್ನಿಸುತ್ತದೆ.

ಅವತ್ತು ಸಂಜೆ ಹಟ್ಟಿಯಲ್ಲಿ ಹಬ್ಬ. ಸಾಹೇಬರು ಮಾವನ ಕೈ ಕುಲುಕಿದ ಸುದ್ದಿ ಹದಿನೇಳು ಒಲೆಯ ಮುಂದೂ ನಡೆಯಿತು. ಮಾವ ಬಲಗೈ ತೊಳೆಯದೆ ಬಹಳ ಹೊತ್ತು ಕೂತಿದ್ದ.

ತಿಂಗಳೊಪ್ಪತ್ತಿಗೆ ಆರ್ಡರು ಬಂತು. ಹಟ್ಟಿಯವರೆಲ್ಲ ಸುತ್ತ ಕೂತರು. ಓದಲು ಶುರು ಮಾಡಿದೆ. 'ಸದರಿಯವರು ವಂಶಪಾರಂಪರ್ಯವಾಗಿ ಸಂರಕ್ಷಿತ ಸ್ಮಾರಕದ ಬಂಡೆಗಳನ್ನು ಒಡೆದು ಹಾನಿ ಉಂಟುಮಾಡುತ್ತ ಬಂದಿರುವುದಾಗಿಯೂ, ಈಗಲೂ ಮುಂದುವರಿಸಿರುವುದಾಗಿಯೂ ಸ್ವತಃ ಒಪ್ಪಿ, ಸ್ಥಳವನ್ನೂ ತೋರಿಸಿ...' ನನ್ನ ದನಿ ನಿಂತಿತು. ಯಾರೋ ಮುಂದೆ ಓದು ಅಂದರು. ಓದಿದೆ. ಶಾಶ್ವತ ಕಟ್ಟಡವಿಲ್ಲ. ಮಾತೃಭಾಷೆ ತೆಲುಗು. ಜಾತಿ ಬಗ್ಗೆ ಹೇಳಿಕೆಗೂ ಅರ್ಜಿಗೂ ತಾಳೆಯಿಲ್ಲ. ಆದ್ದರಿಂದ ಸ್ಥಳೀಕರೆಂದು ಪರಿಗಣಿಸಲು ಬರುವುದಿಲ್ಲ. ಈ ಅತಿಕ್ರಮಣದಾರರು ಹದಿನೈದು ದಿನದೊಳಗೆ ತೆರವು ಮಾಡತಕ್ಕದ್ದು. ಸಣ್ಣಪ್ಪನ ಮೇಲೆ ಮೊಕದ್ದಮೆ.

"ಅತಿಕ್ರಮಣದಾರ," ಮಾವ ನಿಧಾನವಾಗಿ ಹೇಳಿ ನೋಡಿದ. "ಅದು ಇನ್ನೊಂದು ಹೆಸ್ರಾ ನಮಿಗೆ?"

"ಹ್ಞೂಂ ಮಾವ."

"ಇದನ್ನ ಯಾರು ಇಟ್ಟಿದ್ದು? ನೀನಾ?"

ಕುಹಕದಿಂದ ಕೇಳಲಿಲ್ಲ. ನನಗೇ ಹೆಚ್ಚು ತಿಳಿದಿದೆ ಎಂದು ಕೇಳಿದ.

ಹದಿನಾರನೇ ದಿನ ಆಳುಗಳು ಬಂದರು. ಮಣ್ಣಿನ ಗೋಡೆ ಬೀಳಿಸಲು ಎಷ್ಟು ಹೊತ್ತು? ಮಧ್ಯಾಹ್ನದ ಊಟದ ಹೊತ್ತಿಗೆ ಹದಿನೇಳೂ ಮುಗಿದವು. ಕಲ್ಲಿನಲ್ಲಿ ಕಟ್ಟಿಕೊಂಡಿದ್ದರೆ ಎರಡು ದಿನವಾದರೂ ಹಿಡಿಯುತ್ತಿತ್ತು. ಹಳ್ಳದ ಆಚೆ ಜಾಲಿ ಪೊದೆ ಸವರಿ ಗೋಣಿತಾಟು ಕಟ್ಟಿಕೊಂಡು ಕೂತೆವು. ಏಕನಾಥಮ್ಮನಿಗೆ ಏಳು ತುಂಬಿತ್ತು. ಮಳೆ ಇನ್ನೇನು ಬರಲಿತ್ತು.

ಆಮೇಲೆ ಗಂಗಾಧರಪ್ಪನವರಿಂದ ಕರೆ ಬಂತು. ಅವರ ಮನೆಯ ಮುಂದೆ ಮೂರು ಮೆಟ್ಟಿಲು, ನುಣ್ಣಗೆ ಕನ್ನಡಿಯ ಹಾಗೆ. ಮಾವ ಕೊರೆದವು. ನಾವು ಕೆಳಗೆ ನಿಂತೆವು. ಸುಸ್ತಾಗಿ ಮಾವ ಮೊದಲ ಮೆಟ್ಟಿಲ ಮೇಲೆ ಕೈ ಊರಿದ.

"ಲೇ ಸಣ್ಣ, ಕೈ ತೆಗಿ, ಹೊಲಸಾಗ್ತೈತೆ," ಅಂದರು. ಮಾವ ತೆಗೆದ.

ವಿಷಯ ಇದು. ಕೋಟೆ ಬಾಗಿಲಿಗೆ ಬೋರ್ಡು ಬೇಕು. ತಗಡಿನದಲ್ಲ, ಕಲ್ಲಿನದು. ಸಣ್ಣಪ್ಪನ ಕೈಲೇ ಆಗಬೇಕೆಂದು ಸಾಹೇಬರೇ ಹೇಳಿ ಕಳಿಸಿದ್ದಾರೆ. ಅವನ ಕೈ ನೋಡಿದ್ದೇನೆ, ಅಂಥ ಕೈ ಇನ್ನೊಂದಿಲ್ಲ ಎಂದಿದ್ದಾರೆ. ಮಾಡಿಕೊಟ್ಟರೆ ಮೊಕದ್ದಮೆ ಕೈಬಿಡುತ್ತಾರೆ. ಹದಿನೇಳು ಮನೆಗೂ ಬೇರೆ ಕಡೆ ಸೈಟು ಕೊಡಿ ಎಂದು ಶಿಫಾರಸು ಬರೆಯುತ್ತಾರೆ. ಆ ಸೈಟು ಇವತ್ತಿಗೂ ಬಂದಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಅವತ್ತು ನಂಬಿದೆವು.

ಆಳೆತ್ತರದ ಕಲ್ಲು. ಅದನ್ನು ನಮ್ಮ ಗುಡ್ಡದಿಂದ ಒಡೆಯುವಂತಿಲ್ಲ, ಅದು ಸ್ಮಾರಕ. ಹೊಳಲ್ಕೆರೆ ಕಡೆಯಿಂದ ಲಾರಿಯಲ್ಲಿ ತಂದು, ನಮ್ಮ ಬಿದ್ದ ಗುಡಿಸಲುಗಳ ಮಣ್ಣಿನ ಮೇಲೇ ಒರಗಿಸಿದ್ದರು. ಮೇಷ್ಟ್ರು ಬಂದು ಸೀಮೆಸುಣ್ಣದಲ್ಲಿ ನಾಲ್ಕು ಸಾಲು ಬರೆದು ಹೋದರು. ಮಾವ ಬಿಸಿಲಿನಲ್ಲಿ ಮಂಡಿಯೂರಿ ಕೂತು ಎಂಟು ದಿನ ಕೊರೆದ. ನಾನು ಉಳಿ ಕಾಯಿಸಿ ಚೂಪು ಮಾಡಿಕೊಟ್ಟೆ. ಅವನು ಅಕ್ಷರಗಳನ್ನು ಅಷ್ಟು ಮುದ್ದಾಗಿ ಯಾವತ್ತೂ ಕೊರೆದಿರಲಿಲ್ಲ. ಸಾಹೇಬರು ತನ್ನ ಕೈಯನ್ನೇ ಕೇಳಿದ್ದಾರೆ ಎಂಬುದು ಅವನಿಗೆ ಉಳಿದಿದ್ದ ಒಂದೇ ಮರ್ಯಾದೆ.

ನಾನು ಮೊದಲ ದಿನವೇ ನಾಲ್ಕೂ ಸಾಲು ಓದಿದ್ದೆ. ಹೇಳಲಿಲ್ಲ.

ಒಂಬತ್ತನೇ ದಿನ ಕೊನೆಯ ಸಾಲಿನಲ್ಲಿ ಒಂದೇ ಒಂದು ಪದ ಉಳಿದಿತ್ತು. ಏಕನಾಥಮ್ಮ ಬುತ್ತಿ ತಂದಿದ್ದಳು. ಮಾವ ಬೆವರು ಒರೆಸಿಕೊಂಡು ಹಿಂದೆ ಸರಿದು ಕಲ್ಲು ನೋಡಿದ.

"ಏನ್ ಬರ್ದವ್ರೆ ಇದ್ರಾಗೆ? ಓದು ಕೇಳಾಣ. ಕೋಟೆ ಕಟ್ಟಿದೋರ ಹೆಸ್ರು ಇರ್ಬೇಕಲ್ಲ. ಅವತ್ತು ಅಷ್ಟೆಲ್ಲಾ ಬರ್ಕಂಡು ಹೋದ್ರು."

"ಇರ್ತೈತೆ ಮಾವ. ಮುಗ್ಸು, ಮಳೆ ಬರಂಗೈತೆ."

ಅವನು ನನ್ನ ಮುಖ ನೋಡಿದ. ಹುಟ್ಟಿದಾಗಿನಿಂದ ನೋಡಿದ ಮುಖ. "ಓದು," ಅಂದ.

ನಾನು ತಲೆ ತಗ್ಗಿಸಿದೆ. ಏಕನಾಥಮ್ಮ ಬುತ್ತಿ ಕೆಳಗಿಟ್ಟಳು. "ಅಪ್ಪ ಕೇಳ್ತೈತೆ. ಓದಿ ಹೇಳು. ಅವತ್ತು ನೀನು ಪೂರಾ ಓದ್ದೆ ರುಜು ಹಾಕಿದ್ರಿಂದ ಇಷ್ಟಾಯ್ತು, ಇನ್ನೂ ಯಾಕೆ ಮುಚ್ಚಿಡ್ತೀಯ?"

ಓದಿದೆ.

ದೊರೆಗುಡ್ಡದ ಕೋಟೆ. ಪಾಳೇಗಾರರು ಕಟ್ಟಿಸಿದ ಈ ಕೋಟೆ ನಾಡಿನ ಹೆಮ್ಮೆ. ಇದು ನಮ್ಮೆಲ್ಲರ ಪರಂಪರೆ. ಇಲ್ಲಿ ಕಲ್ಲು ಒಡೆಯುವುದು, ವಾಸಿಸುವುದು ಶಿಕ್ಷಾರ್ಹ...

"ಆಮೇಲೆ?"

"ಅಪರಾಧ. ಅದೊಂದೇ ಉಳ್ದಿರೋದು."

ಮಾವ ತಾನು ಎಂಟು ದಿನ ಕೊರೆದ ಅಕ್ಷರಗಳ ಮೇಲೆ ಅಂಗೈ ಆಡಿಸಿದ, ಮೊದಲ ಸಲ ನೋಡುವವನ ಹಾಗೆ. ಆಮೇಲೆ ಉಳಿ, ಸುತ್ತಿಗೆ ಎರಡನ್ನೂ ಕಲ್ಲಿನ ಬುಡದಲ್ಲಿಟ್ಟು ಎದ್ದ. ಮಂಡಿ ಹಿಡಿದುಕೊಂಡಿತ್ತು, ಮಗಳ ಭುಜ ಹಿಡಿದು ಎದ್ದ.

ಅಷ್ಟರಲ್ಲಿ ಗಂಗಾಧರಪ್ಪ ಬಂದರು. ನಾಳೆ ಸಾಹೇಬರು ಬರುತ್ತಾರೆ, ಇವತ್ತು ಸಂಜೆಯೊಳಗೆ ಮುಗಿಯಬೇಕು ಎಂದರು.

"ನಾನು ಮಾಡಲ್ಲ ಯಜಮಾನ್ರೆ," ಮಾವ ಅಂದ.

"ಯಾಕ್ಲೇ, ಕೈ ನೋವಾ?"

"ಕೈ ನೋವಿಲ್ಲ. ಮಾಡಲ್ಲ."

"ಒಂದು ಪದ ಐತೆ ಅಷ್ಟೇ."

"ಅದನ್ನೇ ಮಾಡಲ್ಲ."

ಅವರ ಮುಂದೆ ಮಾವ ಇಷ್ಟು ನೆಟ್ಟಗೆ ನಿಂತದ್ದನ್ನು ನಾನು ನೋಡಿರಲಿಲ್ಲ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಹೆಮ್ಮೆಯಿಂದ ಅಂತ ಬರೆಯಬೇಕು ಅನ್ನಿಸುತ್ತದೆ, ಆದರೆ ಭಯದಿಂದ.

ಗಂಗಾಧರಪ್ಪ ಸಿಟ್ಟಾಗಲಿಲ್ಲ. ಮಾವನನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಇವನಿಗೆ ತಲೆ ಕೆಟ್ಟೈತೆ. ನೀನು ಓದಿದೋನು, ನಿಂಗೆ ತಿಳೀತೈತೆ. ಮುಗೀಲಿಲ್ಲ ಅಂದ್ರೆ ಕೇಸು ನಡೀತೈತೆ. ಸೈಟೂ ಇಲ್ಲ. ಹದ್ನೇಳು ಮನೇರು ಮಳೇಲಿ ಕೂರ್ತಾರೆ. ನಿನ್ ಹೆಂಡ್ತಿ ಬ್ಯಾರೆ ತುಂಬಿದ ಬಸುರಿ." ಹೇಳಿ ಹೋಗಿಬಿಟ್ಟರು. ನಿಂತು ನೋಡುವ ಅಗತ್ಯವೂ ಅವರಿಗೆ ಕಾಣಲಿಲ್ಲ.

ಪಡುವಣದಲ್ಲಿ ಮೋಡ ಕಪ್ಪಾಗಿತ್ತು. ಹಳ್ಳದ ಆಚೆ ನಮ್ಮ ಗೋಣಿತಾಟುಗಳು ಗಾಳಿಗೆ ಬಡಿದುಕೊಳ್ಳುವುದು ಇಲ್ಲಿಗೇ ಕಾಣುತ್ತಿತ್ತು. ಏಕನಾಥಮ್ಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಮಾಡು ಅನ್ನಲಿಲ್ಲ, ಬೇಡ ಅನ್ನಲಿಲ್ಲ.

ನಾನು ಕೂತೆ. ಮಾವನ ಉಳಿ ಎತ್ತಿಕೊಂಡೆ, ಹಿಡಿ ಇನ್ನೂ ಬೆಚ್ಚಗಿತ್ತು. ಸೀಮೆಸುಣ್ಣದ ಗೀಟಿನ ಮೇಲೆ ಇಟ್ಟು ಹೊಡೆದೆ. ಉಳಿ ಗೀಟು ತಪ್ಪಿತು. ಮತ್ತೆ ಹೊಡೆದೆ. ಕಣ್ಣಿಗೆ ಚೂರು ಬಿತ್ತು, ಒರೆಸಿಕೊಳ್ಳಲಿಲ್ಲ. ನಾಲ್ಕಕ್ಷರ ಮುಗಿಯುವ ಹೊತ್ತಿಗೆ ಮೊದಲ ಹನಿಗಳು ಬೀಳತೊಡಗಿದ್ದವು.

ಬೆನ್ನ ಹಿಂದೆ ಮಾವ ಬಂದು ನಿಂತ. ಬಗ್ಗಿ ಆ ನಾಲ್ಕಕ್ಷರದ ಮೇಲೆ ಅಂಗೈ ಆಡಿಸಿದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಆಳ ಸಾಲ್ದು," ಅಂದ. "ಮಳಿಗೆ ಅಳ್ಸಿ ಹೋಗ್ತೈತೆ. ಇನ್ನೂ ಆಳಕ್ಕೆ ಹೊಡಿ. ನಿನ್ ಮಕ್ಳು ಓದ್ಬೇಕಲ್ಲ."

ಹೊಡೆದೆ. ಆ ಕಲ್ಲು ಈಗಲೂ ಕೋಟೆ ಬಾಗಿಲಲ್ಲಿದೆ, ಆ ಪದ ದೂರಕ್ಕೂ ಚೆನ್ನಾಗಿ ಕಾಣುತ್ತದೆ.